ಅಳಿವೆಯ ಬಾಯಲ್ಲಿ ಮುಳುಗಿದ ಶುಕ್ರವಾರ: ಐಮತ್, 14 ಅಕ್ಟೋಬರ್ 1881

ಗಂಡಸರು ಕಡಲಿಗೆ ಹೊರಡುವ ಮುಂಚೆ ಮನೆಯ ಹೆಂಗಸರ ಕೆಲಸ ಮುಗಿದಿರಬೇಕಿತ್ತು. ಸ್ಕಾಟ್ಲೆಂಡಿನ ಪೂರ್ವ ಕರಾವಳಿಯ ಮೀನುಗಾರರ ಊರುಗಳಲ್ಲೆಲ್ಲ ಇದೇ ಕ್ರಮ. ಒಬ್ಬೊಬ್ಬ ಮೀನುಗಾರನ ಉದ್ದ ಗಾಳದ ಹಗ್ಗಕ್ಕೆ ಸಾವಿರದ ಆಸುಪಾಸು ಕೊಕ್ಕೆಗಳು. ಪ್ರತಿ ಕೊಕ್ಕೆಗೂ ಎರೆ ಚುಚ್ಚಬೇಕು. ಎರೆ ಅಂದರೆ ಕಪ್ಪು ಚಿಪ್ಪಿನ ಮಸೆಲ್, ನಮ್ಮ ಕರಾವಳಿಯ ಪಚ್ಚಿಲೆಯ ಬಳಗದ್ದು. ಹೆಂಡತಿ, ತಾಯಿ, ಶಾಲೆಗೆ ಹೋಗುವ ಮಕ್ಕಳು, ಎಲ್ಲರೂ ಬಾಗಿಲ ಹತ್ತಿರ ಕೂತು ಮೋಟು ಚಾಕುವಿನಿಂದ ಚಿಪ್ಪು ಬಿಡಿಸಿ, ಒಳಗಿನ ಮೆತ್ತನೆ ಮಾಂಸ ತೆಗೆದು ಕೊಕ್ಕೆಗೆ ಸಿಕ್ಕಿಸುತ್ತಿದ್ದರು. ಆಮೇಲೆ ಹಗ್ಗವನ್ನು ಚಪ್ಪಟೆ ಬುಟ್ಟಿಯಲ್ಲಿ ಸುತ್ತು ಸುತ್ತಾಗಿ ಜೋಡಿಸಬೇಕು. ಕೊಕ್ಕೆಗೆ ಕೊಕ್ಕೆ ತಗುಲಬಾರದು ಅಂತ ನಡುನಡುವೆ ಹುಲ್ಲಿನ ಹಾಸು. ಎಲ್ಲೋ ಒಂದು ಕಡೆ ಸಿಕ್ಕು ಬಿದ್ದರೂ ಕಡಲಿನಲ್ಲಿ ಹಗ್ಗ ಬಿಡುವವನ ಕೈಗೆ ಕೊಕ್ಕೆ ನೆಟ್ಟಿತು ಅಂತಲೇ. ಚಳಿಗಾಲದಲ್ಲಿ ಬೆರಳು ಮರಗಟ್ಟಿದರೂ ಈ ಕೆಲಸ ನಿಲ್ಲುತ್ತಿರಲಿಲ್ಲ. ಗಂಟೆಗಟ್ಟಲೆ ಹಿಡಿಯುತ್ತಿತ್ತು. ಇಷ್ಟು ಮಾಡಿದ ಎರೆ ಒಂದೆರಡು ದಿನಕ್ಕಿಂತ ಜಾಸ್ತಿ ಬಾಳುತ್ತಿರಲಿಲ್ಲ.

ಈ ಬುಟ್ಟಿಯಿಂದ ಶುರು ಮಾಡಲು ಕಾರಣ ಇದೆ. 1881ರ ಅಕ್ಟೋಬರಿನ ಆ ವಾರ, ಐಮತ್ ಎಂಬ ಊರಿನಲ್ಲಿ ಇಂಥ ಬುಟ್ಟಿಗಳು ತಯಾರಾಗಿ ಕೂತಿದ್ದವು. ಹೊರಗೆ ಬಿರುಗಾಳಿ. ದೋಣಿಗಳು ದಿನಗಟ್ಟಲೆ ಬಂದರು ಬಿಟ್ಟಿರಲಿಲ್ಲ. ಕೊಕ್ಕೆಯಲ್ಲಿದ್ದ ಎರೆ ನಾರುತ್ತಿತ್ತು, ಮನೆಯಲ್ಲಿ ಕಾಸು ಖಾಲಿಯಾಗಿತ್ತು. ಶುಕ್ರವಾರ ಬೆಳಿಗ್ಗೆ ಗಾಳಿ ನಿಂತಿತು. ಕಡಲು ಕನ್ನಡಿಯ ಹಾಗೆ ಮಲಗಿತು.

ಆ ದಿನ ಸತ್ತ ಮೀನುಗಾರರು 189 ಮಂದಿ. ಅದರಲ್ಲಿ ಐಮತ್ ಒಂದೇ ಊರಿನವರು 129. ಸ್ಕಾಟ್ಲೆಂಡಿನ ಮೀನುಗಾರಿಕೆಯ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ಸಾವು ಇನ್ನೊಂದಿಲ್ಲ. ಬಿರುಗಾಳಿ ಬಂತು, ಜನ ಸತ್ತರು ಅಂತ ಒಂದೇ ಸಾಲಿನಲ್ಲಿ ಹೇಳಿ ಮುಗಿಸಬಹುದು. ಹಾಗೆ ಮುಗಿಸಿದರೆ ಆ ಊರಿಗೆ ಅನ್ಯಾಯ ಅಂತ ನನಗೆ ಅನ್ನಿಸುತ್ತದೆ. ಯಾಕೆಂದರೆ ಅವರಲ್ಲಿ ಎಷ್ಟೋ ಜನ ಸತ್ತದ್ದು ನಡುಗಡಲಿನಲ್ಲಲ್ಲ, ತಮ್ಮ ಮನೆಯ ಹೊಗೆಗೂಡು ಕಾಣುವಷ್ಟು ಹತ್ತಿರದಲ್ಲಿ. ಬಂದರಿನ ಬಾಯಲ್ಲಿ. ಆ ಬಾಯಿ ಯಾಕೆ ಹಾಗಿತ್ತು ಅನ್ನುವುದಕ್ಕೆ ಮೂವತ್ತು ವರ್ಷದ ಕಥೆ ಇದೆ.

ಊರು ಇರುವ ಜಾಗ

ಐಮತ್ ಇರುವುದು ಸ್ಕಾಟ್ಲೆಂಡಿನ ಆಗ್ನೇಯ ಮೂಲೆಯ ಬೆರಿಕ್‌ಶೈರ್ ಸೀಮೆಯಲ್ಲಿ. ಇಂಗ್ಲೆಂಡಿನ ಗಡಿ ಹತ್ತು ಕಿಲೋಮೀಟರಿನ ಒಳಗೇ ಸಿಗುತ್ತದೆ. ಐ ಅನ್ನುವ ಸಣ್ಣ ಹೊಳೆ ಉತ್ತರ ಸಮುದ್ರಕ್ಕೆ ಸೇರುವ ಕಡೆ ಊರು ಕಟ್ಟಿಕೊಂಡಿದೆ. ಹೆಸರಿನ ಅರ್ಥವೂ ಅಷ್ಟೇ: ಐ ಹೊಳೆಯ ಬಾಯಿ. ನಮ್ಮ ಕರಾವಳಿಯವರು ಅಳಿವೆ ಅನ್ನುತ್ತಾರಲ್ಲ, ಅಂಥ ಜಾಗ. ಹೊಳೆಯ ಕೊನೆಯ ತುಂಡೇ ಬಂದರು. ಅದರ ಮುಂದೆ ಉತ್ತರಕ್ಕೆ ಬಾಯಿ ತೆರೆದ ಒಂದು ಪುಟ್ಟ ಕೊಲ್ಲಿ. ಕೊಲ್ಲಿಯ ಬಾಗಿಲಲ್ಲೇ ಹರ್ಕರ್ ಎಂಬ ಕಲ್ಲುಬಂಡೆಗಳ ಸಾಲು. ಗಾಳಿ ಶಾಂತವಾಗಿದ್ದ ದಿನ ಈ ಬಂಡೆಗಳೇ ಅಲೆಗೆ ತಡೆ. ಉತ್ತರದಿಂದ ಗಾಳಿ ಬೀಸಿದ ದಿನ ಅದೇ ಬಂಡೆಗಳು ದೋಣಿಯ ಪಾಲಿಗೆ ಗರಗಸ.

ಊರಿನ ಹಳೆಯ ಕಥೆಗಳು ಬೇಕಾದಷ್ಟಿವೆ. 1547ರಲ್ಲಿ ಇಂಗ್ಲಿಷರು ಇಲ್ಲಿನ ಗುಡ್ಡದ ಮೇಲೆ ಇಟಲಿ ಮಾದರಿಯ ಕೋಟೆ ಕಟ್ಟಿದರು. ಬ್ರಿಟನ್ನಿನಲ್ಲಿ ಆ ಬಗೆಯ ಕೋಟೆ ಅದೇ ಮೊದಲು. ಹದಿನೆಂಟನೇ ಶತಮಾನದಲ್ಲಿ ಊರು ಕಳ್ಳಸಾಗಣೆಗೆ ಹೆಸರಾಯಿತು. ಬಂದರಿನ ಆಚೆ ದಡದಲ್ಲಿ ಇವತ್ತಿಗೂ ನಿಂತಿರುವ ಗನ್ಸ್‌ಗ್ರೀನ್ ಮನೆಯನ್ನು 1753ರಲ್ಲಿ ಕಟ್ಟಿಸಿದವನು ಜಾನ್ ನಿಸ್ಬೆಟ್ ಎಂಬ ವ್ಯಾಪಾರಿ. ಹೊರಗಿನಿಂದ ನೋಡಿದರೆ ಶ್ರೀಮಂತರ ಬಂಗಲೆ. ಒಳಗೆ ಗೋಡೆಯ ಮರೆಯಲ್ಲಿ ಚಹಾಪುಡಿ ಬಚ್ಚಿಡುವ ಗೂಡುಗಳು. ಹೌದು, ಚಹಾ. ಆಗ ಚಹಾದ ಮೇಲೆ ಶೇಕಡಾ ನೂರನ್ನೂ ಮೀರಿದ ತೆರಿಗೆ ಇತ್ತು. 1784ರಲ್ಲಿ ಸರ್ಕಾರ ಅದನ್ನು ಶೇಕಡಾ 12.5ಕ್ಕೆ ಇಳಿಸಿದ ಮೇಲೆ ಕಳ್ಳ ಚಹಾಕ್ಕೆ ಲಾಭ ಉಳಿಯಲಿಲ್ಲ.

ಊರಿಗೆ ಮೀನು ಉಳಿಯಿತು. ಬೇಸಿಗೆಯಲ್ಲಿ ಬಲೆ ಬೀಸಿ ಹೆರಿಂಗ್, ಚಳಿಗಾಲದ ತಿಂಗಳುಗಳಲ್ಲಿ ಗಾಳದ ಹಗ್ಗ ಬಿಟ್ಟು ಹ್ಯಾಡಕ್. ಹೆರಿಂಗ್ ಅಂದರೆ ನಮ್ಮ ಬೂತಾಯಿಯ ದೂರದ ನೆಂಟ. ಬೆಳ್ಳಿ ಬಣ್ಣ, ಎಣ್ಣೆ ಅಂಶ ಜಾಸ್ತಿ, ಗುಂಪುಗುಂಪಾಗಿ ಬರುವ ಮೀನು. ಅಲ್ಲಿಯವರು ಅದನ್ನು ಪ್ರೀತಿಯಿಂದ 'ಬೆಳ್ಳಿಯ ಮುದ್ದುಗಳು' ಅಂತ ಕರೆಯುತ್ತಿದ್ದರು. ದೋಣಿಯಲ್ಲಿ ಯಾರಿಗೂ ಸಂಬಳ ಇರಲಿಲ್ಲ. ಬಂದ ಮೀನಿನಲ್ಲಿ ಪಾಲು, ಅಷ್ಟೇ. ಮೀನು ಬರದ ವಾರ ಕೈಗೆ ಏನೂ ಬರುತ್ತಿರಲಿಲ್ಲ. ಒಂದು ದೋಣಿಯಲ್ಲಿ ಆರೇಳು ಜನ. ಅಪ್ಪ, ಮಗ, ಅಣ್ಣ, ತಮ್ಮ, ಭಾವ. ಮನೆಯವರೇ ಸೇರಿ ದೋಣಿ ನಡೆಸುತ್ತಿದ್ದುದರಿಂದ ಒಂದು ದೋಣಿ ಹೋಯಿತು ಅಂದರೆ ಒಂದು ಮನೆತನದ ಗಂಡಸರೆಲ್ಲ ಹೋದ ಹಾಗೆ.

ನಂಬಿಕೆಗಳೂ ಗಟ್ಟಿಯಾಗಿದ್ದವು. ಕಡಲಿನಲ್ಲಿ ಹಂದಿ ಅನ್ನುವ ಮಾತು ಆಡಬಾರದು. ಸಾಮನ್ ಮೀನಿನ ಹೆಸರು ಹೇಳಬಾರದು. ಪಾದ್ರಿಯ ಸುದ್ದಿಯೂ ಬೇಡ. ಯಾರಾದರೂ ಬಾಯಿತಪ್ಪಿ ಆಡಿದರೆ ತಕ್ಷಣ ಕಬ್ಬಿಣ ಮುಟ್ಟಬೇಕು. ಈ ಪಟ್ಟಿಯಲ್ಲಿ ಪಾದ್ರಿ ಹೇಗೆ ಸೇರಿದ ಅಂತ ಬೇರೆ ಊರಿನವರನ್ನು ಕೇಳಿದರೆ ಏನು ಹೇಳುತ್ತಿದ್ದರೋ. ಐಮತ್‌ನಲ್ಲಂತೂ ಪಾದ್ರಿಯ ಹೆಸರು ಕಹಿಯಾಗಲು ಸ್ಪಷ್ಟ ಕಾರಣ ಇತ್ತು.

ಪಾದ್ರಿಯ ಪಾಲು

ಐಮತ್‌ನ ಮೀನುಗಾರರು ತಾವು ಹಿಡಿದ ಮೀನಿನ ಮೇಲೆ ಚರ್ಚಿಗೆ ದಶಮಾಂಶ, ಅಂದರೆ ಹತ್ತರಲ್ಲೊಂದು ಪಾಲು, ಕೊಡಬೇಕಿತ್ತು. ರೈತ ಬೆಳೆದ ಬೆಳೆಯಲ್ಲಿ ಪಾಲು ತೆಗೆದುಕೊಳ್ಳುವ ಹಳೆಯ ಹಕ್ಕು ಇದು, ಇಲ್ಲಿ ಮೀನಿಗೂ ಅಂಟಿಕೊಂಡಿತ್ತು. ಹತ್ತೊಂಬತ್ತನೇ ಶತಮಾನದ ನಡುಭಾಗಕ್ಕೆ ಬರುವ ಹೊತ್ತಿಗೆ ಸ್ಕಾಟ್ಲೆಂಡಿನ ಹೆಚ್ಚಿನ ಮೀನುಗಾರರ ಊರುಗಳಲ್ಲಿ ಇದು ಮರೆತುಹೋಗಿತ್ತು. ಐಮತ್‌ನಲ್ಲಿ ಪಾದ್ರಿ ಬಿಡಲಿಲ್ಲ.

ಇನ್ನೊಂದು ಸಂಗತಿ ಇದೆ. 1843ರಲ್ಲಿ ಸ್ಕಾಟ್ಲೆಂಡಿನ ಚರ್ಚ್ ಒಡೆಯಿತು. ನೂರಾರು ಪಾದ್ರಿಗಳು ಹೊರಬಂದು ಸ್ವತಂತ್ರ ಚರ್ಚ್ ಕಟ್ಟಿದರು. ಮೀನುಗಾರರ ಊರುಗಳಲ್ಲಿ ಬೇರೆ ಬೇರೆ ಪಂಥಗಳ ಪ್ರಾರ್ಥನಾ ಮಂದಿರಗಳು ಎದ್ದವು. ಹೀಗಾಗಿ ತಾನು ಕಾಲಿಡದ ಚರ್ಚಿನ ಪಾದ್ರಿಗೆ ತನ್ನ ಮೀನಿನ ಪಾಲು ಕೊಡುವ ಸ್ಥಿತಿ ಎಷ್ಟೋ ಜನರದು. ಅವರ ಹೊಟ್ಟೆ ಉರಿದದ್ದರಲ್ಲಿ ತಪ್ಪೇನಿದೆ?

ಈ ಸಿಟ್ಟಿಗೆ ದನಿಯಾದವನು ವಿಲಿಯಂ ಸ್ಪಿಯರ್ಸ್. ಅವನೂ ಮೀನುಗಾರನೇ. ಜನ ಅವನಿಗೆ 'ಕಿಂಗ್‌ಫಿಷರ್' ಅಂತ ಹೆಸರಿಟ್ಟಿದ್ದರು. ಅದು ಮಿಂಚುಳ್ಳಿ ಹಕ್ಕಿಯ ಹೆಸರು, ಜೊತೆಗೆ 'ಮೀನುಗಾರರ ದೊರೆ' ಅನ್ನುವ ಅರ್ಥವೂ ಬರುತ್ತದೆ. ಅವನ ನಾಯಕತ್ವದಲ್ಲಿ 1850ರ ದಶಕದಲ್ಲಿ ಮೀನುಗಾರರು ದಶಮಾಂಶ ಕೊಡುವುದಿಲ್ಲ ಅಂತ ನಿಂತರು. ಕೋರ್ಟು, ನೋಟಿಸು, ವಸೂಲಿಗೆ ಬಂದವರನ್ನು ಊರೇ ಸೇರಿ ಓಡಿಸುವುದು, ಹೀಗೆ ವರ್ಷಗಟ್ಟಲೆ ನಡೆಯಿತು. ಇವತ್ತು ಐಮತ್‌ನ ಪೇಟೆಚೌಕದಲ್ಲಿ ಸ್ಪಿಯರ್ಸ್‌ನ ಕಂಚಿನ ಪ್ರತಿಮೆ ಇದೆ.

ಗೆದ್ದರಾ? ಗೆದ್ದರು, ಆದರೆ ದುಬಾರಿಯಾಗಿ ಗೆದ್ದರು. 1860ರ ದಶಕದಲ್ಲಿ ಒಂದು ರಾಜಿ ಆಯಿತು: ಮೀನುಗಾರರು ಒಟ್ಟಿಗೆ 2,000 ಪೌಂಡ್ ಕಟ್ಟಿದರೆ ದಶಮಾಂಶ ಶಾಶ್ವತವಾಗಿ ರದ್ದು. ಇಡೀ ಊರು ಸೇರಿ ತಮ್ಮ ಮೀನನ್ನೇ ಚರ್ಚಿನಿಂದ ಬಿಡಿಸಿಕೊಳ್ಳುವ ಲೆಕ್ಕ. ಆ ಕಾಲಕ್ಕೆ, ಪಾಲಿನ ಮೇಲೆ ಬದುಕುವ ಬಡವರಿಗೆ, ಅದು ಎಂಥ ಮೊತ್ತ ಅಂತ ಯೋಚಿಸಿ.

ಬಂದರಿನ ಕಥೆ ಇಲ್ಲಿಗೇ ಬಂದು ಸೇರುತ್ತದೆ. 1760ರ ದಶಕದಲ್ಲಿ ಪ್ರಸಿದ್ಧ ಎಂಜಿನಿಯರ್ ಜಾನ್ ಸ್ಮೀಟನ್ ಐಮತ್‌ಗೆ ಬಂದು ಬಂದರಿನ ಯೋಜನೆ ಹಾಕಿಕೊಟ್ಟಿದ್ದ. ಆಮೇಲಿನ ನೂರು ವರ್ಷದಲ್ಲಿ ದೋಣಿಗಳು ದೊಡ್ಡವಾದವು, ಹೆಚ್ಚಾದವು. ಬಂದರು ಮಾತ್ರ ಅದಕ್ಕೆ ತಕ್ಕಂತೆ ಬೆಳೆಯಲಿಲ್ಲ. ಇಳಿತದ ಹೊತ್ತಿಗೆ ನೀರು ತಳ ಕಾಣುತ್ತಿತ್ತು. ಒಳಬರುವ ದಾರಿ ಕಿರಿದು, ಆಳ ಕಡಿಮೆ. ಬಂದರು ಸುಧಾರಿಸಲು ಸರ್ಕಾರದಿಂದ ಸಾಲ ಬೇಕಾದರೆ ಊರೂ ತನ್ನ ಪಾಲಿನ ದುಡ್ಡು ತೋರಿಸಬೇಕಿತ್ತು. ದುಡ್ಡು ಎಲ್ಲಿಂದ ಬರಬೇಕು? ಅದು ಪಾದ್ರಿಯ ಲೆಕ್ಕಕ್ಕೆ ಹೋಗುತ್ತಿತ್ತು. ಕಲ್ಲುಕಟ್ಟೆ ಕಟ್ಟಬೇಕಾದ ವರ್ಷಗಳೆಲ್ಲ ಜಗಳದಲ್ಲಿ, ಸಾಲ ತೀರಿಸುವುದರಲ್ಲಿ ಕಳೆದುಹೋದವು.

ಆ ಬೆಳಿಗ್ಗೆ

1859ರ ಅಕ್ಟೋಬರಿನಲ್ಲಿ ರಾಯಲ್ ಚಾರ್ಟರ್ ಎಂಬ ಹಡಗು ಬಿರುಗಾಳಿಗೆ ಸಿಕ್ಕಿ ನೂರಾರು ಜನ ಸತ್ತ ಮೇಲೆ, ಅಡ್ಮಿರಲ್ ಫಿಟ್ಜ್‌ರಾಯ್ ಬ್ರಿಟನ್ನಿನ ಕರಾವಳಿಗೆ ಚಂಡಮಾರುತದ ಮುನ್ನೆಚ್ಚರಿಕೆ ಕೊಡುವ ವ್ಯವಸ್ಥೆ ತಂದಿದ್ದ. ಬಡ ಮೀನುಗಾರರ ಊರುಗಳಿಗೆ ಬ್ಯಾರೋಮೀಟರ್ ಕೊಡಿಸುವ ಕೆಲಸವೂ ಆಗ ನಡೆಯಿತು. ಬ್ಯಾರೋಮೀಟರ್ ಅಂದರೆ ಗಾಳಿಯ ಒತ್ತಡ ಅಳೆಯುವ ಸಾಧನ, ಅದರ ಪಾದರಸ ಇಳಿದರೆ ಬಿರುಗಾಳಿಯ ಸೂಚನೆ. ಐಮತ್ ಬಂದರಿನಲ್ಲೂ ಒಂದು ಇತ್ತು. ದೋಣಿ ಹತ್ತುವ ಮುಂಚೆ ಹೋಗಿ ಅದನ್ನು ನೋಡುವುದು ಎಲ್ಲರ ರೂಢಿ.

ಅಕ್ಟೋಬರ್ 14ರ ಬೆಳಿಗ್ಗೆ ಅದರ ಪಾದರಸ ತೀರಾ ಕೆಳಗಿಳಿದಿತ್ತು. ಹೊರಗೆ ನೋಡಿದರೆ ಬಿಸಿಲು, ಗಾಳಿಯ ಸುಳಿವಿಲ್ಲ. ಹಿರಿಯರಿಗೆ ಮನಸ್ಸು ಒಪ್ಪಲಿಲ್ಲ. ಇಷ್ಟು ದಿನ ಕೆಟ್ಟ ಹವೆ, ಈಗ ದಿಢೀರನೆ ಇಷ್ಟು ಶಾಂತಿ, ಅದರ ಮೇಲೆ ಪಾದರಸ ಇಷ್ಟು ಕೆಳಗೆ. ಆದರೂ ಒಂದು ದೋಣಿ ಹಾಯಿ ಬಿಚ್ಚಿತು. ಒಂದು ಹೊರಟಿತು ಅಂದರೆ ಮುಗಿಯಿತು, ಉಳಿದವರು ದಡದಲ್ಲಿ ಕೂರುವುದಿಲ್ಲ. ಪಕ್ಕದ ಮನೆಯವನು ಮೀನು ತಂದು ಮಾರುವಾಗ ತಾನು ಸುಮ್ನೆ ಕೂತಿದ್ದೆ ಅನ್ನುವ ಮಾತು ಯಾರಿಗೂ ಬೇಡ. ಎರೆ ಕಟ್ಟಿ ಕೈ ಸೀಳಿಸಿಕೊಂಡ ಹೆಂಡತಿಯ ಮುಖ ನೋಡುವುದೂ ಕಷ್ಟ. ಹ್ಯಾಡಕ್‌ಗೆ ಒಳ್ಳೆಯ ಬೆಲೆ ಸಿಗುವ ಕಾಲ ಬೇರೆ.

ಈ ಜಾಗದಲ್ಲಿ ಎಷ್ಟೋ ಜನ 'ಎಚ್ಚರಿಕೆ ಕೇಳಲಿಲ್ಲ, ಅನುಭವಿಸಿದರು' ಅಂತ ಬರೆದುಬಿಡುತ್ತಾರೆ. ನನಗೆ ಆ ಮಾತು ಒಪ್ಪುವುದಿಲ್ಲ. ಬ್ಯಾರೋಮೀಟರ್ ಓದಲು ಅವರಿಗೆ ಬರುತ್ತಿತ್ತು. ಅದನ್ನು ನಂಬಿ ಮನೆಯಲ್ಲಿ ಕೂರುವ ಅನುಕೂಲ ಇರಲಿಲ್ಲ. ದಿನಗಟ್ಟಲೆ ಗಳಿಕೆ ಇಲ್ಲದ ಮನೆಗೆ ಶಾಂತವಾದ ಕಡಲು ಏನು ಹೇಳುತ್ತದೆ ಅಂತ ಹೊಟ್ಟೆ ತುಂಬಿದವರು ತೀರ್ಪು ಕೊಡುವುದು ಸುಲಭ.

ದೋಣಿಗಳು ಮೈಲಿಗಟ್ಟಲೆ ಹೊರಗೆ ಹೋಗಿ ಗಾಳದ ಹಗ್ಗ ಬಿಡುವ ಹೊತ್ತಿಗೆ ಮಧ್ಯಾಹ್ನ ಹತ್ತಿರವಾಗಿತ್ತು. ಆಕಾಶ ಕಪ್ಪಾಯಿತು. ಎಷ್ಟು ಬೇಗ ಅಂದರೆ ಹಗ್ಗ ಎಳೆದುಕೊಳ್ಳಲೂ ಸಮಯ ಸಿಗಲಿಲ್ಲ. ಗಾಳಿ ಬಂದು ಅಪ್ಪಳಿಸಿತು. ಹಾಯಿ ಹರಿಯಿತು, ಕಂಬ ಮುರಿಯಿತು. ಕೆಲವು ದೋಣಿಗಳು ಅಲ್ಲೇ ಮಗುಚಿದವು. ಉಳಿದವು ಮನೆಯ ಕಡೆ ತಿರುಗಿದವು.

ದಡ ಕಾಣುವಷ್ಟು ಹತ್ತಿರ

ಗಾಳಿಯ ಸದ್ದಿಗೆ ಊರಿನವರೆಲ್ಲ ಕಟ್ಟೆಗೆ ಓಡಿಬಂದರು. ಹೆಂಗಸರು, ಮುದುಕರು, ಮಕ್ಕಳು. ದೂರದಲ್ಲಿ ಒಂದು ಹಾಯಿ ಕಂಡರೆ ಅದು ಯಾರದು ಅಂತ ಅವರಿಗೆ ಗೊತ್ತಾಗುತ್ತಿತ್ತು. ಹಾಯಿಯ ತೇಪೆ ನೋಡಿಯೇ ದೋಣಿ ಗುರುತಿಸುವ ಕಣ್ಣು ಅವರದು. ಅದೇ ಕಣ್ಣಿನಿಂದ ಅವರು ಮಿಕ್ಕಿದ್ದನ್ನೂ ನೋಡಬೇಕಾಯಿತು.

ಕೊಲ್ಲಿಯ ಬಾಯಿ ಪೂರ್ತಿ ಬಿಳಿ ನೊರೆ. ಹರ್ಕರ್ ಬಂಡೆಗಳ ನಡುವಿನ ಕಿರಿದಾದ ದಾರಿಯಲ್ಲಿ ನುಸುಳಿ ಬಂದರೆ ಬಂದರು. ಒಂದು ಮಾರು ಆಚೆ ಈಚೆ ಆದರೆ ಬಂಡೆ. ಕೆಲವು ದೋಣಿಗಳು ಹೇಗೋ ನುಗ್ಗಿ ಒಳಗೆ ಬಂದವು. ಕೆಲವು ಬಂಡೆಗೆ ಬಡಿದು ಚೂರಾದವು. ಕೆಲವು ಬಂದರಿನ ಬಾಯಿಯ ಎದುರೇ ಮಗುಚಿಕೊಂಡವು. ದಡದಿಂದ ಹಗ್ಗ ಎಸೆಯುವಷ್ಟು ಹತ್ತಿರ, ಆದರೆ ಆ ಗಾಳಿಗೆ ಎಸೆದ ಹಗ್ಗ ತಲುಪಬೇಕಲ್ಲ. ಹೆಂಡತಿಯರು ನೋಡುತ್ತಿದ್ದಂತೆ ಗಂಡಂದಿರು ಮುಳುಗಿದರು. ಇದಕ್ಕಿಂತ ಹೆಚ್ಚು ಬರೆಯಲು ನನಗೆ ಕೈ ಬರುವುದಿಲ್ಲ.

ಅಕ್ಕಪಕ್ಕದ ಊರುಗಳದ್ದೂ ಇದೇ ಗತಿ. ಬರ್ನ್‌ಮತ್‌ನಲ್ಲಿ 24 ಜನ ಹೋದರು. ಎಡಿನ್‌ಬರೋ ಹತ್ತಿರದ ನ್ಯೂಹೇವನ್‌ನವರು 15, ಫಿಶರೋದವರು 7. ಈಗ ಸೇಂಟ್ ಆ್ಯಬ್ಸ್ ಅಂತ ಕರೆಯುವ ಕೋಲ್ಡಿಂಗ್‌ಹ್ಯಾಮ್ ಶೋರ್‌ನಲ್ಲಿ 3. ಕೋವ್ ಎಂಬ ಪುಟ್ಟ ಹಳ್ಳಿಯಲ್ಲಿ ಇದ್ದ ಮೀನುಗಾರರೇ 21 ಮಂದಿ, ಅವರಲ್ಲಿ 11 ಜನ ತಿರುಗಿ ಬರಲಿಲ್ಲ. ಸಂಖ್ಯೆಯಲ್ಲಿ ಐಮತ್ ದೊಡ್ಡದು, ನಿಜ. ಕೋವ್‌ನಲ್ಲಿ ಮರುದಿನ ಬೆಳಿಗ್ಗೆ ಎಷ್ಟು ಮನೆಯಲ್ಲಿ ಗಂಡಸಿನ ದನಿ ಕೇಳಿಸಿರಬಹುದು ಅಂತ ನಾನು ಆಗಾಗ ಯೋಚಿಸುತ್ತೇನೆ.

ಏರಿಯಲ್ ಗೆಜೆಲ್ ಎಂಬ ದೋಣಿಯನ್ನು ಊರಿನವರು ಸತ್ತವರ ಲೆಕ್ಕಕ್ಕೆ ಸೇರಿಸಿಬಿಟ್ಟಿದ್ದರು. ಅದು ಮನೆ ಕಡೆ ಓಡದೆ ನಡುಗಡಲಿನಲ್ಲೇ ಬಿರುಗಾಳಿಯನ್ನು ಎದುರಿಸಿ ನಿಂತಿತ್ತು. ಭಾನುವಾರ ಬೆಳಿಗ್ಗೆ, ಎರಡು ದಿನ ಆದ ಮೇಲೆ, ಅದು ಅಳಿವೆಯ ಬಾಯಲ್ಲಿ ಕಾಣಿಸಿಕೊಂಡಿತು. ಒಳಗಿದ್ದವರು ಬದುಕಿದ್ದರು.

ಇಷ್ಟೊಂದು ಜನ ಯಾಕೆ?

ಏರಿಯಲ್ ಗೆಜೆಲ್‌ನ ಕಥೆಯಲ್ಲೇ ಈ ಪ್ರಶ್ನೆಗೆ ಅರ್ಧ ಉತ್ತರ ಇದೆ. ಅಂಥ ಗಾಳಿಯಲ್ಲಿ ದಡಕ್ಕಿಂತ ಆಳ ನೀರೇ ಮೇಲು. ಅಲೆ ಮುರಿಯುವುದು ನೀರು ಕಡಿಮೆ ಇರುವ ಕಡೆ, ದೋಣಿ ಮಗುಚುವುದೂ ಅಲ್ಲೇ. ಉತ್ತರದ ಗಾಳಿಗೆ ಬೆನ್ನು ಕೊಟ್ಟು ಉತ್ತರಕ್ಕೆ ಬಾಯಿ ತೆರೆದ ಕೊಲ್ಲಿಗೆ ನುಗ್ಗುವುದು ಅಂದರೆ ಅತಿ ಅಪಾಯದ ಜಾಗಕ್ಕೆ ಗಾಳಿಯೇ ದಬ್ಬಿದ ಹಾಗೆ. ಆದರೆ ಹಾಯಿ ಹರಿದ, ನೀರು ತುಂಬಿದ ದೋಣಿಯಲ್ಲಿ ಮಗನನ್ನು ಪಕ್ಕದಲ್ಲಿಟ್ಟುಕೊಂಡ ಅಪ್ಪನಿಗೆ ಮನೆ ಕಂಡಾಗ, ಇಲ್ಲೇ ಇರೋಣ ಅನ್ನುವ ಧೈರ್ಯ ಎಲ್ಲಿಂದ ಬರಬೇಕು?

ದೋಣಿಗಳ ವಿಷಯವೂ ಇದೆ. ಮೂವತ್ತಮೂರು ವರ್ಷ ಹಿಂದೆ, 1848ರ ಆಗಸ್ಟಿನಲ್ಲಿ, ಸ್ಕಾಟ್ಲೆಂಡಿನ ಈಶಾನ್ಯ ಕರಾವಳಿಯಲ್ಲಿ ಒಂದೇ ರಾತ್ರಿಯ ಬಿರುಗಾಳಿಗೆ 124 ದೋಣಿ, 100 ಜನ ಹೋಗಿದ್ದರು. ಕ್ಯಾಪ್ಟನ್ ವಾಷಿಂಗ್ಟನ್ ಎಂಬ ನೌಕಾಪಡೆಯ ಅಧಿಕಾರಿ ವಿಚಾರಣೆ ನಡೆಸಿ ಮರುವರ್ಷ ವರದಿ ಕೊಟ್ಟ. ಅವನು ಹೇಳಿದ್ದು ಮುಖ್ಯವಾಗಿ ಎರಡು ಮಾತು: ದೋಣಿಗೆ ಮೇಲುಹಲಗೆ ಹಾಕಿ, ತೆರೆದ ದೋಣಿಗೆ ನೀರು ನುಗ್ಗಿದರೆ ಉಳಿಗಾಲ ಇಲ್ಲ. ಇನ್ನೊಂದು, ಬಂದರುಗಳನ್ನು ಇಳಿತದಲ್ಲೂ ಒಳಬರುವ ಹಾಗೆ ಆಳ ಮಾಡಿ. ಮೀನುಗಾರರು ಮೇಲುಹಲಗೆಗೆ ಬೇಗ ಒಪ್ಪಲಿಲ್ಲ. ಖರ್ಚು ಜಾಸ್ತಿ, ಮೀನು ತುಂಬುವ ಜಾಗ ಕಡಿಮೆ. ಅದು ಅವರ ಲೆಕ್ಕ. ನಿಧಾನವಾಗಿ ದೋಣಿಗಳು ಬದಲಾದವು. ಎರಡನೆಯ ಮಾತು ಮಾತ್ರ ಮೀನುಗಾರರ ಕೈಯಲ್ಲಿ ಇರಲಿಲ್ಲ. ಬಂದರು ಕಟ್ಟುವುದು ಒಂದು ಮನೆಯ ಕೆಲಸವಲ್ಲ.

ಹಾಗಾಗಿ ನಾನು ಈ ಪ್ರಕರಣವನ್ನು ನೋಡುವುದು ಹೀಗೆ. ಗಾಳಿ ಎಲ್ಲರ ಮೇಲೂ ಒಂದೇ ರೀತಿ ಬೀಸಿತು. ಹೊರಗೆ ಮಗುಚಿದ ದೋಣಿಗಳನ್ನು ಯಾವ ಬಂದರೂ ಉಳಿಸುತ್ತಿರಲಿಲ್ಲ. ಆದರೆ ಬಾಗಿಲ ತನಕ ಬಂದು ಮುಳುಗಿದವರ ಸಾವಿಗೆ ಆ ಬಾಗಿಲೇ ಕಾರಣ. ಏನು ಮಾಡಬೇಕು ಅಂತ 1849ರಲ್ಲೇ ಬರೆದಿಟ್ಟಿತ್ತು. ಮಾಡಬೇಕಾದ ವರ್ಷಗಳಲ್ಲಿ ಊರಿನ ದುಡ್ಡು, ಊರಿನ ಶಕ್ತಿ ಎರಡೂ ಹಳೆಯ ಒಂದು ಹಕ್ಕನ್ನು ಬಿಡಿಸಿಕೊಳ್ಳಲು ಖರ್ಚಾದವು. ಆ ಪಾದ್ರಿಯೊಬ್ಬನನ್ನು ಖಳನಾಯಕ ಮಾಡುವುದು ನನ್ನ ಉದ್ದೇಶವಲ್ಲ. ಕಾನೂನು ಅವನ ಕಡೆ ಇತ್ತು. ಮೀನುಗಾರನ ಬೆವರಿನಲ್ಲಿ ಪಾಲು ಕೇಳಲು ಕಾನೂನು ಇತ್ತು, ಅವನಿಗೆ ಆಳದ ಬಂದರು ಕೊಡಿಸಲು ಕಾನೂನು ಇರಲಿಲ್ಲ.

ಉಳಿದವರು

ಐಮತ್‌ನಲ್ಲೇ 78 ಹೆಂಗಸರು ವಿಧವೆಯರಾದರು. ಅಪ್ಪನನ್ನು ಕಳೆದುಕೊಂಡ ಮಕ್ಕಳು 182. ಸುದ್ದಿ ಹರಡುತ್ತಿದ್ದಂತೆ ಬ್ರಿಟನ್ನಿನ ಮೂಲೆಮೂಲೆಯಿಂದ ಹಣ ಬಂತು. ಪರಿಹಾರ ನಿಧಿಗೆ ಕೂಡಿದ್ದು 54,000 ಪೌಂಡಿನಷ್ಟು. ವಿಧವೆಗೆ ವಾರಕ್ಕೆ ಐದು ಶಿಲಿಂಗ್, ಮಗುವಿಗೆ ಎರಡೂವರೆ ಶಿಲಿಂಗ್ ಅಂತ ನಿಗದಿಯಾಯಿತು. ಜನರ ಕರುಣೆ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಅದರ ಪಕ್ಕದಲ್ಲಿ ಆ 2,000 ಪೌಂಡಿನ ಲೆಕ್ಕ ಇಟ್ಟು ನೋಡಿದರೆ ಮಾತ್ರ ಮನಸ್ಸು ಭಾರವಾಗುತ್ತದೆ.

ಹೆಂಗಸರು ಕೈಕಟ್ಟಿ ಕೂರಲಿಲ್ಲ. ಕೂರುವ ಅಭ್ಯಾಸವೇ ಅವರಿಗಿರಲಿಲ್ಲ. ಮೀನು ಬುಟ್ಟಿ ಬೆನ್ನಿಗೆ ಹೊತ್ತು ಒಳನಾಡಿನ ಹಳ್ಳಿಗಳಿಗೆ ನಡೆದು ಮಾರುವುದು ಅವರ ಹಳೆಯ ಕೆಲಸ. ಹೆರಿಂಗ್ ವ್ಯಾಪಾರ ಏರುತ್ತಾ ಹೋದ ಹಾಗೆ ಸ್ಕಾಟ್ಲೆಂಡಿನ ಕರಾವಳಿಯ ಹೆಣ್ಣುಮಕ್ಕಳು ಸಾವಿರಾರು ಸಂಖ್ಯೆಯಲ್ಲಿ ಮೀನಿನ ಹಿಂದೆ ಹೊರಟರು. ಬೇಸಿಗೆಯ ಶುರುವಿನಲ್ಲಿ ಉತ್ತರದ ಶೆಟ್‌ಲೆಂಡ್ ದ್ವೀಪಗಳು, ಶರತ್ಕಾಲದ ಹೊತ್ತಿಗೆ ಇಂಗ್ಲೆಂಡಿನ ಯಾರ್ಮತ್, ಲೋಸ್ಟಾಫ್ಟ್. ಮೂವರ ಗುಂಪು: ಇಬ್ಬರು ಮೀನು ಸೀಳುವವರು, ಒಬ್ಬಳು ಪೀಪಾಯಿಗೆ ತುಂಬುವವಳು. ಬೆರಳಿಗೆ ಹತ್ತಿ ಬಟ್ಟೆಯ ಪಟ್ಟಿ ಸುತ್ತಿಕೊಳ್ಳುತ್ತಿದ್ದರು. ಚಾಕು ಜಾರಿದರೆ ಗಾಯ, ಗಾಯಕ್ಕೆ ಉಪ್ಪು ಬಿದ್ದರೆ ಉರಿ. ಕೈಚಳಕ ಇದ್ದವಳು ನಿಮಿಷಕ್ಕೆ ಅರವತ್ತು ಮೀನಿನ ತನಕ ಸೀಳುತ್ತಿದ್ದಳು. ಗಳಿಗೆಗೊಂದು ಬಿಡುವು ಸಿಕ್ಕರೆ ಕೈಯಲ್ಲಿ ಹೆಣಿಗೆ ಕಡ್ಡಿ. ನಡೆಯುತ್ತಾ ಕೂಡ ಸ್ವೆಟರ್ ಹೆಣೆಯುತ್ತಿದ್ದರು. 1907ರಲ್ಲಿ ಸ್ಕಾಟ್ಲೆಂಡಿನಿಂದ ಸುಮಾರು 25 ಲಕ್ಷ ಪೀಪಾಯಿ ಉಪ್ಪು ಹೆರಿಂಗ್ ಹೊರದೇಶಕ್ಕೆ ಹೋಯಿತು, ಹೆಚ್ಚಿನದು ಜರ್ಮನಿ, ರಷ್ಯಾದ ಕಡೆಗೆ. ಒಂದೊಂದು ಪೀಪಾಯಿಯಲ್ಲೂ ಈ ಕೈಗಳ ಕೆಲಸ ಇದೆ.

ಬಂದರಿನ ಕೆಲಸ ಕೊನೆಗೂ ದುರಂತದ ನಂತರದ ವರ್ಷಗಳಲ್ಲಿ ನಡೆಯಿತು. 1891ರಲ್ಲಿ ಬರ್ನ್‌ಮತ್‌ನಿಂದ ಐಮತ್‌ಗೆ ರೈಲು ಬಂತು. ಮೀನು ಬೇಗ ನಗರ ತಲುಪುವಂತಾಯಿತು. ಆಮೇಲಿನ ಇಳಿಜಾರು ಎಲ್ಲ ಹೆರಿಂಗ್ ಊರುಗಳದ್ದೂ ಒಂದೇ. ಮೊದಲ ಮಹಾಯುದ್ಧ, ರಷ್ಯಾದ ಕ್ರಾಂತಿ, ಎರಡೂ ಸೇರಿ ಮಾರುಕಟ್ಟೆಯನ್ನು ನುಂಗಿದವು. ರೈಲು 1962ರಲ್ಲಿ ನಿಂತಿತು. ಹೆರಿಂಗ್ ಅತಿಯಾಗಿ ಹಿಡಿದು ಹಿಡಿದು 1977ರಲ್ಲಿ ಉತ್ತರ ಸಮುದ್ರದಲ್ಲಿ ಅದರ ಬೇಟೆಯನ್ನೇ ನಿಲ್ಲಿಸಬೇಕಾಯಿತು.

ಈಗ

ಐಮತ್ ಇವತ್ತಿಗೂ ಮೀನುಗಾರರ ಊರೇ. ಹೆರಿಂಗ್ ಬದಲು ಏಡಿ, ಲಾಬ್‌ಸ್ಟರ್, ಸಿಗಡಿ. ಬಂದರಿನಲ್ಲಿ ಸೀಲ್‌ಗಳು ತಲೆ ಎತ್ತಿ ತಿನ್ನಲು ಏನಾದರೂ ಸಿಗುತ್ತದಾ ಅಂತ ಕಾಯುತ್ತವೆ. ಪ್ರವಾಸಿಗಳಿಗೆ ಅದೇ ದೊಡ್ಡ ಖುಷಿ. ಸೇಂಟ್ ಆ್ಯಬ್ಸ್‌ನಿಂದ ಐಮತ್ ತನಕದ ಕಡಲನ್ನು ಊರಿನವರೇ ಸ್ವಇಚ್ಛೆಯಿಂದ 1984ರಲ್ಲಿ ರಕ್ಷಿತ ವಲಯ ಮಾಡಿಕೊಂಡರು. ಕಡಲಿನಲ್ಲಿ ನಿಲ್ಲಿಸಿರುವ 54 ಗಾಳಿಯಂತ್ರಗಳ ಉಸ್ತುವಾರಿಗೆ ಹೋಗುವ ದೋಣಿಗಳೂ ಈಗ ಇದೇ ಬಂದರಿನಿಂದ ಹೊರಡುತ್ತವೆ. ಆ ಯೋಜನೆಗೆ ಇಟ್ಟಿರುವ ಗೇಲಿಕ್ ಹೆಸರಿನ ಅರ್ಥ 'ಗಾಳಿಯ ಬಲ'.

ದುರಂತಕ್ಕೆ ನೂರು ವರ್ಷ ತುಂಬಿದಾಗ, 1981ರಲ್ಲಿ, ಹಳೆಯ ಚರ್ಚಿನ ಕಟ್ಟಡವನ್ನು ಊರಿನ ಮ್ಯೂಸಿಯಂ ಮಾಡಿದರು. ಅದರಲ್ಲಿ ಹದಿನೈದು ಅಡಿ ಉದ್ದದ ಒಂದು ಕಸೂತಿ ಇದೆ. ಊರಿನ 24 ಹೆಂಗಸರು ಎರಡು ವರ್ಷ ಕೂತು ಹೊಲಿದದ್ದು. ಮುಳುಗಿದ ದೋಣಿಗಳ ಹೆಸರು, ಸತ್ತವರ ಹೆಸರು ಎಲ್ಲ ದಾರದಲ್ಲಿ. ಎರೆ ಕಟ್ಟುತ್ತಿದ್ದ ಕೈಗಳ ಮೊಮ್ಮಕ್ಕಳು, ಮರಿಮಕ್ಕಳು ಸೂಜಿ ಹಿಡಿದದ್ದು ಅಂತ ನೆನೆದರೆ ನನಗೆ ಆ ಕಸೂತಿ ಎಲ್ಲ ಸ್ಮಾರಕಗಳಿಗಿಂತ ಹತ್ತಿರ ಅನ್ನಿಸುತ್ತದೆ.

ಪ್ರತಿ ವರ್ಷ ಜುಲೈಯಲ್ಲಿ 'ಹೆರಿಂಗ್ ಕ್ವೀನ್' ಹಬ್ಬ. 1939ರಲ್ಲಿ ಶುರುವಾದದ್ದು. ಶಾಲೆಯ ಹುಡುಗಿಯೊಬ್ಬಳನ್ನು ರಾಣಿಯಾಗಿ ಆರಿಸುತ್ತಾರೆ. ಅವಳು ಸೇಂಟ್ ಆ್ಯಬ್ಸ್‌ನಿಂದ ಮೀನುಗಾರಿಕೆ ದೋಣಿಯಲ್ಲಿ ಬರುತ್ತಾಳೆ, ಹಿಂದೆ ಸಿಂಗರಿಸಿದ ದೋಣಿಗಳ ಸಾಲು. ಇಡೀ ಊರು ಕಟ್ಟೆಯ ಮೇಲೆ ನಿಂತಿರುತ್ತದೆ.

2016ರಲ್ಲಿ ಕಡಲ ದಂಡೆಗೆ ಒಂದು ಕಂಚಿನ ಶಿಲ್ಪ ಬಂತು. ಜಿಲ್ ವಾಟ್ಸನ್ ಎಂಬ ಕಲಾವಿದೆ ಮಾಡಿದ್ದು. ಸತ್ತ ಗಂಡಸರು ಅದರಲ್ಲಿ ಇಲ್ಲ. ಇರುವುದು ಆ 78 ಹೆಂಗಸರು, 182 ಮಕ್ಕಳು. ಗೇಣುದ್ದದ ಪುಟ್ಟ ಪುಟ್ಟ ಆಕೃತಿಗಳು. ಒಬ್ಬೊಬ್ಬರೂ ಬೇರೆ ಬೇರೆ, ಗಾಳಿಗೆ ಬಾಗಿ ನಿಂತವರು, ಮಗುವನ್ನು ಸೊಂಟಕ್ಕೆ ಅವುಚಿಕೊಂಡವರು. ಬರ್ನ್‌ಮತ್, ಸೇಂಟ್ ಆ್ಯಬ್ಸ್, ಕೋವ್‌ನಲ್ಲೂ ಅವಳೇ ಮಾಡಿದ ಇಂಥದೇ ಗುಂಪುಗಳಿವೆ, ಆಯಾ ಊರಿನ ಲೆಕ್ಕಕ್ಕೆ ತಕ್ಕಷ್ಟು ಜನ. ಎಲ್ಲರ ಮುಖವೂ ಕಡಲ ಕಡೆಗೆ.